ಪಿಯೋನಿ ಹಿಡಿದ ಈ ಹೆಣ್ಣು ಯಾರು?

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ 60 ಸೆಂ.ಮೀ. ಎತ್ತರ, 75 ಸೆಂ.ಮೀ. ಅಗಲದ ಒಂದು ತೈಲಚಿತ್ರವಿದೆ. ಹಿಂದೆ ಬರೀ ಬೂದು ಬಣ್ಣದ ಗೋಡೆ. ಮುಂದೆ ಕಪ್ಪು ಮೈಬಣ್ಣದ ಒಬ್ಬ ಯುವತಿ. ತಲೆಗೆ ವಸ್ತ್ರ ಬಿಗಿದು ಕಟ್ಟಿದ್ದಾಳೆ. ಕಿವಿಯಲ್ಲಿ ಹವಳದ ಬಣ್ಣದ ಓಲೆ. ಬುಟ್ಟಿಯ ತುಂಬ ಟ್ಯುಲಿಪ್, ಲೈಲಾಕ್, ಐರಿಸ್ ಮೊದಲಾದ ವಸಂತದ ಹೂಗಳು ಅಂಚು ಮೀರಿ ಉಕ್ಕುತ್ತಿವೆ. ಅವುಗಳಲ್ಲಿ ಪಿಯೋನಿಯ ಒಂದು ಹಿಡಿಯನ್ನು ಆರಿಸಿ, ಎದುರಿಗೆ ನಿಂತವರತ್ತ ಚಾಚಿದ್ದಾಳೆ. ಅವಳ ತುಟಿಯಲ್ಲಿ ನಗುವಿಲ್ಲ, ಗಿರಾಕಿಯನ್ನು ಒಲಿಸಿಕೊಳ್ಳುವ ಆತುರವೂ ಇಲ್ಲ. ಕಣ್ಣು ನೇರವಾಗಿ ನಮ್ಮ ಮೇಲಿದೆ.

ಚಿತ್ರದ ಹೆಸರು ‘ಪಿಯೋನಿ ಹೂಗಳೊಂದಿಗೆ ಯುವತಿ’. ಬರೆದವನು ಫ್ರೆಡರಿಕ್ ಬಜೀಲ್. ವರ್ಷ 1870.

ಹೂ ಹಿಡಿದ ಹೆಣ್ಣಿನ ಚಿತ್ರಕ್ಕೆ ಯುರೋಪಿನ ಕಲೆಯಲ್ಲಿ ಬರವಿಲ್ಲ. ಇಂಪ್ರೆಷನಿಸ್ಟ್ ಬಳಗದಲ್ಲೂ ಅದರ ಹಿರಿಯಣ್ಣನಂತಿದ್ದ ಎದುವಾರ್ ಮಾನೆಯಲ್ಲೂ ಅಂಥ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಮಾನೆ 1866ರಲ್ಲಿ ಬರೆದ, ಗಿಳಿಯ ಪಕ್ಕ ನಿಂತ ರೂಪದರ್ಶಿ ವಿಕ್ತೋರಿನ್ ಮ್ಯೂರಾಂ ಪುಟ್ಟದೊಂದು ವಯೊಲೆಟ್ ಗುಚ್ಛವನ್ನು ಮೂಗಿನ ಹತ್ತಿರ ತಂದಿದ್ದಾಳೆ. 1872ರಲ್ಲಿ ಅವನೇ ಬರೆದ, ಚಿತ್ರಕಾರ್ತಿ ಬರ್ತ್ ಮೊರಿಸೊಳ ಭಾವಚಿತ್ರದಲ್ಲಿ ಕಪ್ಪು ಉಡುಪಿನ ಎದೆಯ ಮೇಲೆ ವಯೊಲೆಟ್ ಹೂಗಳು ಇವೆಯೋ ಇಲ್ಲವೋ ಎಂಬಷ್ಟು ಮರೆಯಾಗಿವೆ. ಆಮೇಲೆ ಮಾನೆ ಆ ಹೂಗಳನ್ನೇ ಒಂದು ಬೀಸಣಿಗೆ, ಒಂದು ಚೀಟಿಯ ಜೊತೆ ಪುಟ್ಟ ಚಿತ್ರವಾಗಿ ಬರೆದು, ಚೀಟಿಯ ಮೇಲೆ ಮೊರಿಸೊಳ ಹೆಸರು ಕಾಣಿಸಿದ. ವಾಷಿಂಗ್ಟನ್‌ನ ಅದೇ ಗ್ಯಾಲರಿಯಲ್ಲಿರುವ ಮೇರಿ ಕಸಾಟ್‌ಳ ಚಿತ್ರದಲ್ಲಿ ತೋಟದ ಬೆಂಚಿನ ಮೇಲೆ ಕುಳಿತ ಯುವತಿಯ ಕೈಯಲ್ಲಿ ಕೆಂಪು ಜಿನಿಯಾ ಇದೆ. ಅವಳು ತನ್ನದೇ ಯೋಚನೆಯಲ್ಲಿ ಮುಳುಗಿದ್ದಾಳೆ.

ಇವೆಲ್ಲವುಗಳಲ್ಲಿ ಹೂವು ಹಿಡಿದವಳದ್ದೇ. ಅವಳ ವಯಸ್ಸು, ಅವಳ ಬಿಡುವು, ಅವಳಿಗೆ ಯಾರೋ ತೋರಿದ ಪ್ರೀತಿ ಅಥವಾ ಗೌರವ ಅದರಲ್ಲಿದೆ. ಬಜೀಲ್‌ನ ಚಿತ್ರದಲ್ಲಿ ಹಾಗಲ್ಲ. ಇಲ್ಲಿನ ಪಿಯೋನಿ ಮಾರಾಟದ ಸರಕು. ಅವಳು ಅದನ್ನು ಮುಡಿಯಲು, ಮೂಸಲು ಎತ್ತಿಕೊಂಡಿಲ್ಲ. ನಮಗೆ ಮಾರಲು ಎತ್ತಿದ್ದಾಳೆ. ಚಿತ್ರ ನೋಡುವವರು ಇಲ್ಲಿ ಬರೀ ನೋಡುಗರಾಗಿ ಉಳಿಯಲಾರರು, ಗಿರಾಕಿಯ ಜಾಗದಲ್ಲಿ ನಿಲ್ಲಲೇಬೇಕು. ಕೊಳ್ಳುತ್ತೀರೋ ಇಲ್ಲವೋ ಎಂದು ಕೇಳುವ ಹಕ್ಕು ಅವಳಿಗಿದೆ, ಆ ಹಕ್ಕನ್ನು ಅವಳು ಸಂಕೋಚವಿಲ್ಲದೆ ಬಳಸುತ್ತಿದ್ದಾಳೆ. ಚಿತ್ರದ ಬಲವೆಲ್ಲ ಈ ಒಂದು ಏರ್ಪಾಡಿನಲ್ಲಿದೆ.

ಬಜೀಲ್ ಹುಟ್ಟಿದ್ದು 1841ರ ಡಿಸೆಂಬರ್ 6ರಂದು, ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆಯಲ್ಲಿ. ದ್ರಾಕ್ಷಿತೋಟಗಳಿದ್ದ ಸಿರಿವಂತ ಪ್ರಾಟೆಸ್ಟೆಂಟ್ ಮನೆತನ. 1862ರಲ್ಲಿ ವೈದ್ಯಶಾಸ್ತ್ರ ಓದಲೆಂದು ಪ್ಯಾರಿಸ್ಸಿಗೆ ಬಂದವನು ಚಾರ್ಲ್ಸ್ ಗ್ಲೇರ್‌ನ ಚಿತ್ರಶಾಲೆಗೂ ಸೇರಿಕೊಂಡ. ಅಲ್ಲಿ ಮೊನೆ, ರೆನ್ವಾರ್, ಸಿಸ್ಲಿ ಗೆಳೆಯರಾದರು. 1864ರಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ನಪಾಸಾದ; ಮನೆಯವರು ಚಿತ್ರಕಲೆಗೆ ಒಪ್ಪಿಗೆ ಕೊಟ್ಟರು. ಆ ಗೆಳೆಯರ ಗುಂಪಿನಲ್ಲಿ ಕೈಯಲ್ಲಿ ಕಾಸು ಆಡುತ್ತಿದ್ದದ್ದು ಇವನೊಬ್ಬನಿಗೆ. ಬಾಡಿಗೆಗೆ ಹಿಡಿದ ಸ್ಟುಡಿಯೊಗಳಲ್ಲಿ ಮೊದಲು ಮೊನೆಗೆ, ನಂತರ ರೆನ್ವಾರ್‌ಗೆ ಜಾಗ ಕೊಟ್ಟ. ಮೊನೆ ತೀರ ಕಷ್ಟದಲ್ಲಿದ್ದಾಗ ಅವನ ‘ತೋಟದಲ್ಲಿ ಹೆಂಗಸರು’ ಚಿತ್ರವನ್ನು 2,500 ಫ್ರಾಂಕಿಗೆ ಕೊಂಡು, ತಿಂಗಳಿಗೆ 50 ಫ್ರಾಂಕಿನ ಕಂತಿನಲ್ಲಿ ಹಣ ತೀರಿಸಲು ಒಪ್ಪಿದ. ಸರ್ಕಾರಿ ಕೃಪೆಯ ಸಲೋನ್ ಪ್ರದರ್ಶನವನ್ನು ನೆಚ್ಚಿಕೊಳ್ಳದೆ ತಾವೇ ಒಂದು ಜಾಗ ಹಿಡಿದು ಪ್ರತಿವರ್ಷ ಚಿತ್ರಗಳನ್ನು ತೋರಿಸಬೇಕೆಂಬ ಯೋಚನೆಯನ್ನು 1867ರಲ್ಲೇ ಮನೆಗೆ ಬರೆದ ಪತ್ರದಲ್ಲಿ ತಿಳಿಸಿದ್ದ. ಅದು ಕೈಗೂಡಿದ್ದು 1874ರ ಏಪ್ರಿಲ್‌ನಲ್ಲಿ, ಛಾಯಾಗ್ರಾಹಕ ನಾದಾರ್‌ನ ಹಳೆಯ ಸ್ಟುಡಿಯೊದಲ್ಲಿ. ಇಂಪ್ರೆಷನಿಸಂ ಎಂಬ ಹೆಸರು ಹುಟ್ಟಿದ ಆ ಪ್ರದರ್ಶನ ನಡೆಯುವ ಹೊತ್ತಿಗೆ ಬಜೀಲ್ ಬದುಕಿರಲಿಲ್ಲ.

ಹೂ ಮಾರುವವಳ ಚಿತ್ರಕ್ಕೆ ಬರಬೇಕಾದರೆ ಇನ್ನೊಂದು ಚಿತ್ರವನ್ನು ಹಾದು ಬರಬೇಕು. 1865ರ ಸಲೋನ್‌ನಲ್ಲಿ ದೊಡ್ಡ ಗದ್ದಲ ಎಬ್ಬಿಸಿದ ಮಾನೆಯ ‘ಒಲಿಂಪಿಯಾ’ ಅದು. ಹಾಸಿಗೆಯ ಮೇಲೆ ಬೆತ್ತಲೆ ಒರಗಿದ ಬಿಳಿಯ ಹೆಣ್ಣು. ಅವಳ ಹಿಂದೆ ಕಾಗದದಲ್ಲಿ ಸುತ್ತಿದ ಹೂಗುಚ್ಛ ಹಿಡಿದು ಬಂದ ಕಪ್ಪು ಸೇವಕಿ. ಹೂ ಕಳಿಸಿದವನು ಯಾವನೋ ವಿಟ ಎಂಬುದು ಪ್ಯಾರಿಸ್ಸಿನ ಮಂದಿಗೆ ತಕ್ಷಣ ಅರ್ಥವಾಗುತ್ತಿತ್ತು. ಜನ ಬೈದದ್ದು, ನಕ್ಕದ್ದು, ಮುಂದೆ ನೂರು ವರ್ಷ ವಿಮರ್ಶಕರು ಬರೆದದ್ದು ಬಹುಪಾಲು ಹಾಸಿಗೆಯ ಮೇಲಿದ್ದವಳ ಬಗ್ಗೆ. ಅವಳು ವಿಕ್ತೋರಿನ್ ಮ್ಯೂರಾಂ ಎಂಬುದು ಎಲ್ಲ ಪುಸ್ತಕಗಳಲ್ಲೂ ಇತ್ತು. ಹೂ ಹಿಡಿದು ನಿಂತವಳ ಮುಖವನ್ನು ಅಷ್ಟೇ ಗಮನದಿಂದ ನೋಡಿದವರು ಕಡಿಮೆ.

ಅವಳಿಗೂ ಹೆಸರಿತ್ತು: ಲೋರ್. ಮಾನೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ಅವಳ ಹೆಸರು, ವಿಳಾಸ ಬರೆದಿಟ್ಟಿದ್ದ: ವಾಂತಿಮಿಲ್ ಬೀದಿ, 11ನೇ ಸಂಖ್ಯೆಯ ಮನೆ, ಮೂರನೇ ಮಹಡಿ. ತುಂಬ ಚೆಲುವೆ ಎಂದೂ ಗುರುತು ಹಾಕಿಕೊಂಡಿದ್ದ. ಆ ಬೀದಿ ಪ್ಯಾರಿಸ್ಸಿನ ಉತ್ತರ ಭಾಗದಲ್ಲಿ, ಕ್ಲಿಶಿ ಚೌಕದ ಹತ್ತಿರ, ಮಾನೆ ಮತ್ತು ಅವನ ಕಿರಿಯ ಗೆಳೆಯರು ಓಡಾಡುತ್ತಿದ್ದ ಬತಿನ್ಯೋಲ್ ಬಡಾವಣೆಗೆ ನಡಿಗೆಯ ದೂರದಲ್ಲಿದೆ. ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1794ರಲ್ಲಿ ಒಮ್ಮೆ ರದ್ದು ಮಾಡಿ, 1802ರಲ್ಲಿ ನೆಪೋಲಿಯನ್ ಕಾಲದಲ್ಲಿ ಮತ್ತೆ ತಂದು, ಕೊನೆಗೆ 1848ರಲ್ಲಿ ಪೂರ್ತಿ ರದ್ದು ಮಾಡಿತ್ತು. ಆ ನಂತರದ ಪ್ಯಾರಿಸ್ಸಿನಲ್ಲಿ ಕೆರಿಬಿಯನ್ ದ್ವೀಪಗಳಿಂದಲೂ ಆಫ್ರಿಕಾದಿಂದಲೂ ಬಂದ, ಅಲ್ಲೇ ಹುಟ್ಟಿಯೂ ಬೆಳೆದ ಕಪ್ಪು ಜನ ದಾದಿಯರಾಗಿ, ಮನೆಗೆಲಸದವರಾಗಿ, ಸರ್ಕಸ್ಸಿನ ಆಟಗಾರರಾಗಿ, ಚಿತ್ರಕಾರರ ರೂಪದರ್ಶಿಗಳಾಗಿ ದುಡಿಯುತ್ತಿದ್ದರು. ದೆಗಾ 1879ರಲ್ಲಿ ಬರೆದ ‘ಸರ್ಕಸ್ ಫೆರ್ನಾಂಡೊದಲ್ಲಿ ಮಿಸ್ ಲಾ ಲಾ’ ಚಿತ್ರದಲ್ಲಿ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಗುಮ್ಮಟದ ಎತ್ತರಕ್ಕೆ ಏರುವ ಕಲಾವಿದೆ ಅಂಥವರಲ್ಲಿ ಒಬ್ಬಳು.

ಬಜೀಲ್ ಮಾನೆಯನ್ನು ಗುರುವೆಂದೇ ಕಾಣುತ್ತಿದ್ದ. 1870ರ ಆರಂಭದಲ್ಲಿ ಅವನು ಬರೆದ ‘ಬಜೀಲ್‌ನ ಸ್ಟುಡಿಯೊ’ ಎಂಬ ಚಿತ್ರದಲ್ಲಿ ಎತ್ತರದ ಆಳಾದ ಬಜೀಲ್‌ನ ಆಕೃತಿಯನ್ನು ಬಿಡಿಸಿದ್ದು ಸ್ವತಃ ಮಾನೆ. ಆ ಸ್ಟುಡಿಯೊದ ಗೋಡೆಯ ಮೇಲೆ ಇನ್ನೂ ಮುಗಿಯದ ಒಂದು ದೊಡ್ಡ ಚಿತ್ರ ಕಾಣುತ್ತದೆ. ಅದೇ ‘ಸಿಂಗಾರ’. ಮೂವರು ಹೆಂಗಸರ ಚಿತ್ರ: ನಡುವೆ ಬೆತ್ತಲೆ ಕುಳಿತ ಬಿಳಿಯ ಹೆಣ್ಣು, ಪಕ್ಕದಲ್ಲಿ ನಿಂತ ಇನ್ನೊಬ್ಬಳು, ಮತ್ತು ನೆಲಕ್ಕೆ ಮಂಡಿಯೂರಿ ಕಾಲಿಗೆ ಚಪ್ಪಲಿ ತೊಡಿಸುತ್ತಿರುವ ಕಪ್ಪು ಯುವತಿ. ಪಿಯೋನಿ ಹಿಡಿದವಳೂ ಇವಳೂ ಒಬ್ಬಳೇ ರೂಪದರ್ಶಿ ಎಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ.

‘ಸಿಂಗಾರ’ಕ್ಕಾಗಿ ಗೊತ್ತುಮಾಡಿದ ಒಬ್ಬ ರೂಪದರ್ಶಿಗೆ ದಿನಕ್ಕೆ 10 ಫ್ರಾಂಕ್, ಅದರ ಮೇಲೆ ಅವಳಿಗೂ ಜೊತೆಗೆ ಬರುವ ಅವಳ ತಾಯಿಗೂ ಕುದುರೆ ಬಸ್ಸಿನ ಖರ್ಚು ಕೊಡಬೇಕಾಗಿದೆ ಎಂದು ಬಜೀಲ್ ಮನೆಗೆ ಬರೆದ. ಅಂದರೆ ಐದು ದಿನದ ಕೂಲಿ, ಮೊನೆಗೆ ಅವನು ತಿಂಗಳಿಡೀ ಕಟ್ಟುತ್ತಿದ್ದ ಕಂತಿಗೆ ಸಮ. ರೂಪದರ್ಶಿಯ ಕೆಲಸ ಮೈಮುರಿಯುವ ಕೆಲಸ. ಗಂಟೆಗಟ್ಟಲೆ ಕೈ ಎತ್ತಿ ಹಿಡಿಯಬೇಕು, ಕತ್ತು ಹೊರಳಿಸಬಾರದು. ಹೂಬುಟ್ಟಿ ಹೊತ್ತ ಯುವತಿಯನ್ನು ನೋಡುವಾಗ ಇದು ನೆನಪಿರಬೇಕು. ಅವಳು ಪ್ಯಾರಿಸ್ಸಿನ ಬೀದಿಯಲ್ಲಿ ನಿಜವಾಗಿ ಹೂ ಮಾರಿದ್ದಳೋ ಇಲ್ಲವೋ, ಚಿತ್ರ ಬರೆಯುತ್ತಿದ್ದಷ್ಟು ಹೊತ್ತು ಹೂ ಮಾರುವವಳಂತೆ ನಿಲ್ಲುವುದು ಅವಳ ಅಂದಿನ ದುಡಿಮೆಯಾಗಿತ್ತು. ಆ ಚಾಚಿದ ಕೈಯಲ್ಲಿ ಎರಡು ಕೆಲಸಗಳ ದಣಿವು ಒಟ್ಟಿಗೆ ಕಾಣುತ್ತದೆ.

1870ರ ಸಲೋನ್ ಬಜೀಲ್‌ನ ‘ಬೇಸಿಗೆಯ ದೃಶ್ಯ’ವನ್ನು ಒಪ್ಪಿಕೊಂಡು, ‘ಸಿಂಗಾರ’ವನ್ನು ತಿರಸ್ಕರಿಸಿತು. ಅದಾದ ಮೇಲೆ, ಅದೇ ವಸಂತದಲ್ಲಿ ಅವನು ಅದೇ ರೂಪದರ್ಶಿಯನ್ನು ಮತ್ತೆ ಕರೆಸಿದ. ಈ ಸಲ ಅವಳ ಪಕ್ಕದಲ್ಲಿ ಬಿಳಿಯ ಒಡತಿಯಿಲ್ಲ, ತೊಡಿಸಬೇಕಾದ ಚಪ್ಪಲಿಯಿಲ್ಲ. ಚಿತ್ರಪಟದಲ್ಲಿ ಅವಳು, ಅವಳ ಹೂಗಳು, ಅಷ್ಟೇ.

ಬಜೀಲ್ ಈ ವಿಷಯವನ್ನು ಎರಡು ಸಲ ಬರೆದ. ಎರಡನೆಯ ಚಿತ್ರ ಅವನ ಊರಾದ ಮೊಂಪೆಲಿಯೆಯ ಫಾಬ್ರ್ ಮ್ಯೂಸಿಯಂನಲ್ಲಿದೆ. ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಅವಳು ಹೂ ಮಾರುವವಳಲ್ಲ. ದೊಡ್ಡದೊಂದು ಹೂದಾನಿಯಲ್ಲಿ ಹೂ ಜೋಡಿಸುತ್ತಿದ್ದಾಳೆ, ಕಣ್ಣು ಹೂಗಳ ಮೇಲೇ ನೆಟ್ಟಿದೆ, ನಮ್ಮ ಇರವು ಅವಳಿಗೆ ಗೊತ್ತಿದ್ದಂತಿಲ್ಲ. ಮನೆಗೆಲಸದವಳ ಚಿತ್ರ ಎಂದು ಅದನ್ನು ಓದಬಹುದು. ಹೆಣ್ಣು ಮತ್ತು ಹೂದಾನಿಯನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲಿ ಯಾವುದು ಮುಖ್ಯ ಎಂಬ ಪ್ರಶ್ನೆ ಬರುವಂತೆ ಅಡ್ಡಪಟದಲ್ಲಿ ಬರೆಯುವ ಕ್ರಮ ಆಗಲೇ ಇತ್ತು. ಕೂರ್ಬೆ 1862ರಲ್ಲಿ ಹೂಬಳ್ಳಿಯ ಚಪ್ಪರದ ಪಕ್ಕ ನಿಂತ ಹೆಣ್ಣನ್ನು, ದೆಗಾ 1865ರಲ್ಲಿ ಭಾರೀ ಹೂದಾನಿಯ ಪಕ್ಕ ಒತ್ತರಿಸಿ ಕುಳಿತ ಹೆಂಗಸನ್ನು ಹೀಗೆಯೇ ಬರೆದಿದ್ದರು. ಮೊಂಪೆಲಿಯೆಯ ಚಿತ್ರ ಆ ಸಾಲಿಗೆ ಸಲೀಸಾಗಿ ಸೇರುತ್ತದೆ. ಬಣ್ಣಗಾರಿಕೆಯಲ್ಲಿ ಅದೇ ಹೆಚ್ಚು ಮೃದು ಎನ್ನುವವರೂ ಇದ್ದಾರೆ. ವಾಷಿಂಗ್ಟನ್‌ನ ಚಿತ್ರ ಆ ಸಾಲನ್ನು ಮುರಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾದದ್ದು ಕಣ್ಣಿನ ದಿಕ್ಕು ಮತ್ತು ಕೈಯ ದಿಕ್ಕು. ಅಷ್ಟರಿಂದಲೇ ಹೂ ಜೋಡಿಸುವ ಆಳು ಹೋಗಿ, ವ್ಯಾಪಾರಕ್ಕೆ ನಿಂತ ವ್ಯಕ್ತಿ ಎದುರಾಗುತ್ತಾಳೆ.

ಮೊಂಪೆಲಿಯೆಗೆ ಇನ್ನೊಂದು ಮಹತ್ವವಿದೆ. ಆ ಊರಿನ ಶ್ರೀಮಂತ ಕಲಾಪ್ರೇಮಿ ಆಲ್ಫ್ರೆಡ್ ಬ್ರೂಯಾಸ್ ತನ್ನ ಸಂಗ್ರಹವನ್ನು 1868ರಲ್ಲಿ ಫಾಬ್ರ್ ಮ್ಯೂಸಿಯಂಗೆ ಕೊಟ್ಟ. ದೆಲಾಕ್ರ್ವಾ 1849ರಲ್ಲಿ ಎರಡನೇ ಬಾರಿ ಬರೆದ ‘ಅಲ್ಜೀರ್ಸ್‌ನ ಹೆಂಗಸರು’ ಅದರಲ್ಲಿತ್ತು. ಅಲ್ಲೂ ಒಬ್ಬ ಕಪ್ಪು ಸೇವಕಿ ಇದ್ದಾಳೆ: ಅಂತಃಪುರದ ಪರದೆ ಎತ್ತುತ್ತ, ಒಡತಿಯರ ಕಡೆ ತಿರುಗಿದವಳು. ಯುರೋಪಿನ ಚಿತ್ರಕಾರರು ಪೂರ್ವ ದೇಶಗಳ ಬಗ್ಗೆ ಕಟ್ಟಿಕೊಂಡ ಕನಸಿನಲ್ಲಿ ಕಪ್ಪು ಹೆಣ್ಣಿಗೆ ಸಿಗುತ್ತಿದ್ದ ಪಾತ್ರ ಅದು. ‘ಸಿಂಗಾರ’ದ ಮಂಡಿಯೂರಿದ ಯುವತಿಯಲ್ಲಿ ಆ ಕನಸಿನ ಛಾಯೆ ದಟ್ಟವಾಗಿದೆ. ಕೆಲವೇ ತಿಂಗಳಲ್ಲಿ ಬಜೀಲ್ ಅದನ್ನು ಬಿಟ್ಟು, ತನ್ನ ಕಾಲದ ಪ್ಯಾರಿಸ್ಸಿನ ದುಡಿಯುವ ಹೆಣ್ಣನ್ನು ಬರೆದದ್ದು ಸಣ್ಣ ಹೆಜ್ಜೆಯಲ್ಲ. ಮಾನೆಯೇ ‘ಒಲಿಂಪಿಯಾ’ದಲ್ಲಿ ಈ ದಾರಿ ತೋರಿಸಿದ್ದ ಎಂಬುದು ನಿಜ. ಆದರೆ ಲೋರ್ ಹಿಡಿದ ಹೂವು ಇನ್ನೊಬ್ಬಳಿಗೆ ಬಂದದ್ದು. ಇವಳದ್ದು ಇವಳೇ ಮಾರುವ ಹೂವು.

ಹೂವಿನ ಆಯ್ಕೆಯಲ್ಲೂ ಮಾನೆಗೆ ಸಲ್ಲಿಸಿದ ಗೌರವವಿದೆ. ಪಿಯೋನಿ ಮಾನೆಗೆ ಬಲು ಇಷ್ಟದ ಹೂವು. 1864ರ ಸುಮಾರಿಗೆ ಅದನ್ನು ಮತ್ತೆ ಮತ್ತೆ ಬರೆದಿದ್ದಾನೆ. ನಮ್ಮ ಡೇರೆ ಹೂವಿನಷ್ಟು ದೊಡ್ಡದಾಗಿ, ಅದಕ್ಕಿಂತ ಮೆತ್ತಗೆ, ಎಸಳ ಮೇಲೆ ಎಸಳು ಕಿಕ್ಕಿರಿದು ಅರಳುವ ಹೂವು ಇದು. ಚಳಿಗಾಲದ ಕೊರೆತ ಸಿಕ್ಕದೆ ಮೊಗ್ಗು ಕಟ್ಟುವುದಿಲ್ಲವಾದ್ದರಿಂದ ಕರ್ನಾಟಕದ ಬಯಲುಸೀಮೆಯ ತೋಟಗಳಿಗೆ ಒಗ್ಗದು. ಭಾರತದಲ್ಲಿ ಇದರ ಕಾಡುತಳಿಯೊಂದು ಪಶ್ಚಿಮ ಹಿಮಾಲಯದ ಇಳಿಜಾರುಗಳಲ್ಲಿ ಬಿಳಿಯ ಹೂ ಬಿಡುತ್ತದೆ. ಚೀನಾದ ಪಿಯೋನಿ ತಳಿಗಳು ಯುರೋಪು ತಲುಪಿದ ಮೇಲೆ 19ನೇ ಶತಮಾನದ ಫ್ರೆಂಚ್ ಹೂಬೆಳೆಗಾರರು ಅವುಗಳ ಬೀಜ, ಬೆರಕೆಗಳಲ್ಲಿ ಹುಚ್ಚರಂತೆ ತೊಡಗಿದರು. 1851ರಲ್ಲಿ ಬಂದ ‘ಫೆಸ್ಟಿವಾ ಮ್ಯಾಕ್ಸಿಮಾ’, 1856ರಲ್ಲಿ ಬಂದ ‘ಡಚೆಸ್ ದ ನೆಮೂರ್’ ತಳಿಗಳು ಇಂದಿಗೂ ನರ್ಸರಿಗಳಲ್ಲಿ ಮಾರಾಟದಲ್ಲಿವೆ. ಪ್ಯಾರಿಸ್ಸಿನ ಸಿತೆ ದ್ವೀಪದ ಹೂವಿನ ಮಾರುಕಟ್ಟೆ 1808ರಿಂದ ನಡೆಯುತ್ತಿತ್ತು. ಬುಟ್ಟಿ ಹೊತ್ತು ಬೀದಿ ಸುತ್ತುವ ಹೂವಾಡಗಿತ್ತಿಯರಂತೂ ಊರಿಗೆಲ್ಲ ಪರಿಚಿತರು. ಪಿಯೋನಿ ಅಲ್ಲಿ ಅರಳುವುದು ಮೇ ತಿಂಗಳ ಆಸುಪಾಸಿನಲ್ಲಿ. ಚಿತ್ರ ಯಾವಾಗ ಬರೆದದ್ದೆಂದು ಬುಟ್ಟಿಯ ಹೂಗಳೇ ಹೇಳಿಬಿಡುತ್ತವೆ.

ಹತ್ತಿರ ಹೋಗಿ ನೋಡಿದರೆ ಬಜೀಲ್ ಎರಡು ಬಗೆಯಲ್ಲಿ ಕುಂಚ ಆಡಿಸಿರುವುದು ತಿಳಿಯುತ್ತದೆ. ಪಿಯೋನಿಯ ಎಸಳುಗಳಲ್ಲಿ ಬಣ್ಣ ದಪ್ಪವಾಗಿ, ಬಿಡುಬೀಸಾಗಿ ಕುಳಿತಿದೆ. ಮುಂದೆ ಇಂಪ್ರೆಷನಿಸ್ಟರ ಕೈಗುರುತಾದದ್ದು ಇಂಥ ಬೀಸು. ಮುಖದಲ್ಲಿ ಮಾತ್ರ ಅವನಿಗೆ ಅವಸರವಿಲ್ಲ. ಕಂದಿನ ಹಲವು ಛಾಯೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಕೆನ್ನೆ, ಹಣೆ, ಕಣ್ಣಿನ ಕೆಳಗಿನ ನೆರಳನ್ನು ರೂಪಿಸಿದ್ದಾನೆ. ಹಿಂದಿನ ಬೂದು ಗೋಡೆ ಎಲ್ಲಿಯದೆಂದು ಹೇಳುವುದಿಲ್ಲ: ಬೀದಿಯೂ ಇರಬಹುದು, ಸ್ಟುಡಿಯೊವೂ ಇರಬಹುದು. ಅದು ಸುಮ್ಮನಿರುವುದರಿಂದಲೇ ಹೂವಿನ ಗುಲಾಬಿ, ಬಿಳುಪು, ಕಿವಿಯ ಹವಳದ ಕೆಂಪು ಮುಂದೆ ಬರುತ್ತವೆ. ಆ ಕಾಲದ ಬಹಳಷ್ಟು ಚಿತ್ರಗಳಲ್ಲಿ ಕಪ್ಪು ವ್ಯಕ್ತಿಯ ಮುಖ ಹಿನ್ನೆಲೆಯ ಕತ್ತಲಲ್ಲಿ ಕರಗಿಹೋಗುತ್ತದೆ. ಇಲ್ಲಿ ಬೆಳಕಿರುವುದೇ ಆ ಮುಖವನ್ನು ನೋಡಲಿಕ್ಕೆ.

ತಲೆಯ ವಸ್ತ್ರವನ್ನೂ ಗಮನಿಸಬೇಕು. ಮಾರ್ಟಿನಿಕ್, ಗ್ವಾಡಲೂಪ್ ಮುಂತಾದ ಫ್ರೆಂಚ್ ಕೆರಿಬಿಯನ್ ದ್ವೀಪಗಳ ಹೆಂಗಸರು ಹೀಗೆ ತಲೆಗೆ ಬಟ್ಟೆ ಕಟ್ಟುತ್ತಿದ್ದರು. ಅಲ್ಲಿ ಅದಕ್ಕೆ ಒದಗುತ್ತಿದ್ದ ಚೌಕುಳಿಯ ಹತ್ತಿ ಬಟ್ಟೆ ನಮ್ಮ ಕೋರಮಂಡಲ ತೀರದ ಮಗ್ಗಗಳಿಂದ ಹಡಗಿನಲ್ಲಿ ಹೋಗಿ ಹಬ್ಬಿದ್ದು. ಆ ದ್ವೀಪಗಳಲ್ಲಿ ಅದನ್ನು ಇಂದಿಗೂ ಮದ್ರಾಸ್ ಎಂದೇ ಕರೆಯುತ್ತಾರೆ. ಬಟ್ಟೆಯ ಹಿಂದೆಯೇ ಜನರೂ ಹೋದರು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಯಾಳು ಬೇಕಾದಾಗ, 1853ರಿಂದ ಪುದುಚೇರಿ, ಕಾರೈಕಲ್ ಕಡೆಯಿಂದ ಕರಾರು ಕೂಲಿಗಳನ್ನು ಹಡಗು ತುಂಬಿಸಿ ಕಳಿಸಲಾಯಿತು. ಪ್ಯಾರಿಸ್ಸಿನ ಸ್ಟುಡಿಯೊದಲ್ಲಿ ನಿಂತ ಒಬ್ಬಳ ತಲೆಯುಡುಗೆಯ ಶೈಲಿಗೆ ದಕ್ಷಿಣ ಭಾರತದ ನೇಕಾರರವರೆಗೆ ಎಳೆ ಹೋಗುತ್ತದೆ.

ಪಿಯೋನಿ ಉದುರಿದ ಕೆಲವೇ ವಾರಗಳಲ್ಲಿ, ಜುಲೈ 19ರಂದು ಫ್ರಾನ್ಸ್ ಪ್ರಷ್ಯಾದ ಮೇಲೆ ಯುದ್ಧ ಸಾರಿತು. ಬಜೀಲ್ ಸೇನೆಗೆ ಸೇರಲೇಬೇಕೆಂಬ ಕಾನೂನಿನ ಬಲವಂತವಿರಲಿಲ್ಲ. ಆದರೂ ಆಗಸ್ಟ್ 16ರಂದು ಜ್ವಾವ್ ಪದಾತಿ ದಳದಲ್ಲಿ ಹೆಸರು ಬರೆಸಿದ. ನವೆಂಬರ್ 28ರಂದು ಬೋನ್-ಲಾ-ರೊಲಾಂದ್ ಎಂಬ ಊರಿನ ಬಳಿ ನಡೆದ ಕಾಳಗದಲ್ಲಿ ಗುಂಡಿಗೆ ಬಲಿಯಾದ. 29 ತುಂಬಲು ಎಂಟು ದಿನ ಬಾಕಿಯಿತ್ತು. ತಂದೆ ಗಾಸ್ತೊನ್ ಬಜೀಲ್ ರಣರಂಗಕ್ಕೇ ಹೋಗಿ ಮಗನ ಶವ ಹುಡುಕಿಸಿ ಮೊಂಪೆಲಿಯೆಗೆ ತಂದರು. ಉಳಿದ ಗೆಳೆಯರು ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ನೂರಾರು ಚಿತ್ರ ಬರೆದರು. ಬಜೀಲ್‌ನ ಒಟ್ಟು ಚಿತ್ರಗಳು ನೂರನ್ನೂ ಮುಟ್ಟುವುದಿಲ್ಲ. ಅವನು ಆ ಯುವತಿಯನ್ನು ಇನ್ನೊಮ್ಮೆ ಬರೆಯುವ ಸಾಧ್ಯತೆ ಅಲ್ಲಿಗೇ ಮುಗಿಯಿತು.

ಚಿತ್ರವನ್ನು ಬಹಳ ಕಾಲ ‘ಪಿಯೋನಿ ಹಿಡಿದ ನೀಗ್ರೊ ಹೆಣ್ಣು’ ಎಂಬರ್ಥದ ಹೆಸರಿನಿಂದ ಕರೆಯಲಾಗುತ್ತಿತ್ತು. ರೆನ್ವಾರ್ ಬರೆದ ಹೆಣ್ಣಿಗೆ ‘ಬಿಳಿಯ ಹೆಣ್ಣು’ ಎಂದು ಯಾರೂ ಶೀರ್ಷಿಕೆ ಕೊಡಲಿಲ್ಲ. ಮೈಬಣ್ಣವನ್ನೇ ಹೆಸರಾಗಿ ಹಚ್ಚಿದ ಮೇಲೆ, ಎದುರಿಗಿರುವುದು ಒಬ್ಬಳ ಭಾವಚಿತ್ರ ಎಂಬುದೇ ನೋಡುವವರಿಗೆ ಹೊಳೆಯುವುದಿಲ್ಲ. ಅದೊಂದು ಮಾದರಿ, ಒಂದು ಬಗೆ ಎನಿಸಿಬಿಡುತ್ತದೆ. ಈ ಅನ್ಯಾಯವನ್ನು ಗಂಭೀರವಾಗಿ ಹಿಡಿದವರು ಅಮೆರಿಕದ ಕಲಾ ಇತಿಹಾಸಕಾರ್ತಿ ಡೆನಿಸ್ ಮರೆಲ್. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗಾಗಿ ಅಧ್ಯಯನ ಮಾಡುತ್ತಿದ್ದಾಗ ‘ಒಲಿಂಪಿಯಾ’ದ ಸೇವಕಿಯ ಬಗ್ಗೆ ಯಾರೂ ಮಾತಾಡದಿರುವುದು ಅವರನ್ನು ಕಾಡಿತು. ಲೋರ್‌ಳಿಂದ ಆರಂಭಿಸಿ, ಆಧುನಿಕ ಚಿತ್ರಕಲೆಯಲ್ಲಿ ಕಪ್ಪು ರೂಪದರ್ಶಿಗಳ ಜಾಡು ಹಿಡಿದು ಹೋದರು. 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ವಾಲಾಕ್ ಗ್ಯಾಲರಿಯಲ್ಲಿ ಅವರು ರೂಪಿಸಿದ ಪ್ರದರ್ಶನ ತೆರೆಯಿತು. 2019ರ ಮಾರ್ಚ್‌ನಿಂದ ಜುಲೈವರೆಗೆ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ ಅದು ಇನ್ನೂ ದೊಡ್ಡದಾಗಿ, ಜೆರಿಕೊನಿಂದ ಮಾತಿಸ್‌ವರೆಗಿನ ‘ಕಪ್ಪು ರೂಪದರ್ಶಿ’ ಎಂಬ ಹೆಸರಿನಲ್ಲಿ ನಡೆಯಿತು. ಅಲ್ಲಿಂದ ಗ್ವಾಡಲೂಪ್ ದ್ವೀಪಕ್ಕೂ ಹೋಯಿತು.

ಓರ್ಸೆ ಪ್ರದರ್ಶನದಲ್ಲಿ ಹಲವು ಚಿತ್ರಗಳ ಹಳೆಯ ಶೀರ್ಷಿಕೆ ಬದಲಿಸಿ ರೂಪದರ್ಶಿಗಳ ಹೆಸರನ್ನೇ ಹಾಕಲಾಯಿತು. ಮಾರಿ-ಗಿಯೆಮಿನ್ ಬೆನ್ವಾ 1800ರಲ್ಲಿ ಬರೆದ ಹೆಸರಾಂತ ಭಾವಚಿತ್ರ ‘ಮಾದ್ಲೆನ್‌ಳ ಚಿತ್ರ’ವಾಯಿತು, ‘ಒಲಿಂಪಿಯಾ’ದ ಪಕ್ಕ ಲೋರ್‌ಳ ಹೆಸರು ಬಂತು. ಇದನ್ನು ವಿರೋಧಿಸಿದವರೂ ಇದ್ದರು. ಇತಿಹಾಸವನ್ನು ತಿದ್ದಬಾರದು ಎಂಬುದು ಅವರ ವಾದ. ಆದರೆ ಈ ಚಿತ್ರಗಳ ಹೆಸರು ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ, ಹಲವನ್ನು ಇಟ್ಟವರು ಚಿತ್ರಕಾರರೂ ಅಲ್ಲ. ಹಳೆಯ ಹೆಸರುಗಳನ್ನು ಮುಚ್ಚಿಡದೆ, ಯಾವಾಗ ಏನಿತ್ತು ಎಂದು ಪಕ್ಕದಲ್ಲೇ ಬರೆದದ್ದು ಸರಿಯಾದ ಕ್ರಮ.

ಅದೇ ಪ್ರದರ್ಶನಕ್ಕಾಗಿ ಅಮೆರಿಕದ ಕಲಾವಿದ ಗ್ಲೆನ್ ಲಿಗಾನ್ ಓರ್ಸೆಯ ದೊಡ್ಡ ಹಜಾರದಲ್ಲಿ, ಹಳೆಯ ರೈಲು ನಿಲ್ದಾಣದ ಎತ್ತರಕ್ಕೆ ತಕ್ಕಂತೆ, ಬಿಳಿಯ ನಿಯಾನ್ ದೀಪಗಳಲ್ಲಿ ಕಪ್ಪು ಪ್ಯಾರಿಸ್ ವಾಸಿಗಳ ಹೆಸರುಗಳನ್ನು ಬರೆಸಿದ. ಜೆರಿಕೊ ತನ್ನ ‘ಮೆದೂಸದ ತೆಪ್ಪ’ಕ್ಕೆ ಬಳಸಿದ ಜೋಸೆಫ್ ಅಲ್ಲಿದ್ದ, ಲೋರ್ ಇದ್ದಳು. ಬಜೀಲ್‌ನ ಪತ್ರದಲ್ಲಿ ದಿನಗೂಲಿಯ ಲೆಕ್ಕವಿದೆ, ಬಸ್ಸಿನ ಖರ್ಚಿದೆ. ಪಿಯೋನಿ ಹಿಡಿದವಳ ಹೆಸರು ಮಾತ್ರ ಯಾವ ದಾಖಲೆಯಲ್ಲೂ ಸಿಕ್ಕಿಲ್ಲ. ಅವಳಂಥವರಿಗಾಗಿ ಲಿಗಾನ್ ಆ ಹೆಸರುಗಳ ನಡುವೆ ಇನ್ನೊಂದು ದೀಪ ಹಚ್ಚಿಸಿದ್ದ. ಅದರಲ್ಲಿ ಫ್ರೆಂಚಿನಲ್ಲಿ ಬರೆದಿತ್ತು: ಹೆಸರು ತಿಳಿದಿಲ್ಲ.